ಗ್ವಾಟೆಮಾಲಾದ ಎತ್ತರನಾಡು: ಹಳೇ ನಗರ, ಕಾಫಿ ತೋಟ, ಜ್ವಾಲಾಮುಖಿಗಳನ್ನು ಯಾವ ಕ್ರಮದಲ್ಲಿ ನೋಡಬೇಕು

ಗ್ವಾಟೆಮಾಲಾಕ್ಕೆ ಹೋಗಿಬಂದ ಕನ್ನಡಿಗರ, ಅದರಲ್ಲೂ ಅಮೆರಿಕದಿಂದ ವಾರದ ರಜೆ ಹಾಕಿ ಹೋದವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅಕಾಟೆನಾಂಗೊ ಜ್ವಾಲಾಮುಖಿಯ ಮೇಲಿನ ಕ್ಯಾಂಪಿನಲ್ಲಿ ರಾತ್ರಿಯಿಡೀ ತಲೆನೋವು, ವಾಂತಿ. ಮಧ್ಯಾಹ್ನ ಮೂರಕ್ಕೆ ಅಟಿಟ್ಲಾನ್ ಸರೋವರದ ದಡ ಮುಟ್ಟಿದರೆ ಬರೀ ಗಾಳಿ, ಮೋಡ. ಆಗಸ್ಟಿನಲ್ಲಿ ಕಾಫಿ ತೋಟಕ್ಕೆ ಹೋದರೆ ಖಾಲಿ ಕಣ, ಟಾರ್ಪಾಲು ಹೊದ್ದ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ). ವಾಪಸಾಗುವ ದಿನ ರಸ್ತೆ ಬಂದ್, ವಿಮಾನ ತಪ್ಪಿತು. ಜಾಗಗಳ ಆಯ್ಕೆಯಲ್ಲಿ ಇವರು ಎಡವಿದ್ದು ಕಡಿಮೆ, ಜೋಡಿಸಿದ ಕ್ರಮದಲ್ಲಿ ಎಡವಿದ್ದೇ ಹೆಚ್ಚು. ನಕ್ಷೆಯಲ್ಲಿ ಎಲ್ಲವೂ ಪಕ್ಕಪಕ್ಕದಲ್ಲೇ ಕಾಣುತ್ತದೆ. ಆದರೆ ಇಲ್ಲಿ ದಿನ ಜೋಡಿಸಬೇಕಾದದ್ದು ಎತ್ತರವನ್ನೂ ಗಡಿಯಾರವನ್ನೂ ನೋಡಿಕೊಂಡು.

ಎತ್ತರಗಳನ್ನು ಮೊದಲು ಬರೆದಿಟ್ಟುಕೊಳ್ಳಿ. ವಿಮಾನ ಇಳಿಯುವ ಗ್ವಾಟೆಮಾಲಾ ಸಿಟಿ ಸುಮಾರು 1,500 ಮೀಟರ್, ಹಳೇ ನಗರ ಆಂಟಿಗುವಾ 1,530, ಅಟಿಟ್ಲಾನ್ ಸರೋವರ 1,560ರ ಆಸುಪಾಸು. ಶೆಲಾ ಎಂದು ಜನ ಕರೆಯುವ ಕೆಟ್ಸಾಲ್ಟೆನಾಂಗೊ ನಗರ 2,330, ಪಕಾಯಾ ಜ್ವಾಲಾಮುಖಿ 2,552, ಅಕಾಟೆನಾಂಗೊ ಶಿಖರ 3,976. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಅಕಾಟೆನಾಂಗೊದಲ್ಲಿ ರಾತ್ರಿ ಮಲಗುವ ಕ್ಯಾಂಪು ಅದರ ಎರಡು ಪಟ್ಟಿಗೆ ಹತ್ತಿರ.

ಹಾಗಾಗಿ ಕ್ರಮ ಇದು: ಆಂಟಿಗುವಾ, ಕಾಫಿ ತೋಟ, ಪಕಾಯಾ, ಅಕಾಟೆನಾಂಗೊ, ಕೊನೆಗೆ ಸರೋವರ. ಇದಕ್ಕೆ ಒಂಬತ್ತು ರಾತ್ರಿ ಬೇಕು. ಐದೇ ದಿನ ರಜೆ ಇದ್ದರೆ ಅಕಾಟೆನಾಂಗೊ ಅಥವಾ ಸರೋವರ, ಎರಡರಲ್ಲಿ ಒಂದನ್ನು ಬಿಡಿ. ಎರಡನ್ನೂ ತುರುಕಲು ಹೋದವರದೇ ಮೇಲಿನ ದೂರುಗಳು.

ಹಂತ 1: ತಿಂಗಳು ಗೊತ್ತುಮಾಡಿ

ನವೆಂಬರಿನಿಂದ ಏಪ್ರಿಲ್‌ವರೆಗೆ ಒಣ ಹವೆ, ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆ. ಮಳೆಗಾಲದಲ್ಲೂ ಬೆಳಗ್ಗೆ ಹೊಳವಾಗಿದ್ದು ಮಧ್ಯಾಹ್ನದ ಮೇಲೆ ಸುರಿಯುವುದೇ ಹೆಚ್ಚು. ಆದ್ದರಿಂದ ಜೂನ್‌ನಲ್ಲಿ ಹೋದರೂ ನಗರ ನೋಡಲು ತೊಂದರೆಯಿಲ್ಲ. ಜ್ವಾಲಾಮುಖಿಯ ಮೇಲೆ ಮಾತ್ರ ಮಿಂಚು, ಜಾರುವ ಮಣ್ಣು, ಮೋಡದಲ್ಲಿ ಮುಚ್ಚಿಹೋದ ಶಿಖರ.

ಕಾಫಿ ಕೊಯ್ಲೂ ಜ್ವಾಲಾಮುಖಿಯೂ ಎರಡೂ ಬೇಕೆಂದರೆ ಜನವರಿ ಕೊನೆಯಿಂದ ಮಾರ್ಚ್ ಮಧ್ಯದೊಳಗೆ ಹೋಗಿ. ಆಂಟಿಗುವಾ ಕಣಿವೆಯಲ್ಲಿ ಆಗ ಹಣ್ಣು ಕೊಯ್ಯುತ್ತಿರುತ್ತಾರೆ. ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಗೂ ಇದು ಹೊಂದುತ್ತದೆ: ಅರೇಬಿಕಾ ಕೊಯ್ಲು ಮುಗಿದು ಹೂಮಳೆಗೆ ಕಾಯುವ ಹೊತ್ತು. ರೋಬಸ್ಟಾ ಇರುವವರು ಮಾತ್ರ ಆಗ ತೋಟ ಬಿಟ್ಟು ಕದಲುವ ಹಾಗಿಲ್ಲ. ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿ, ಚಳಿ ಮತ್ತು ಗಾಳಿ ಜಾಸ್ತಿ. ಮಾರ್ಚ್ ಕೊನೆಯಿಂದ ಹೊಲಗಳಿಗೆ ಬೆಂಕಿ ಹಾಕುವುದರಿಂದ ಹೊಗೆಮಂಜು ಕವಿದು ದೂರದ ನೋಟ ಮಾಸಲಾಗುತ್ತದೆ.

ಈಸ್ಟರ್ ಹಿಂದಿನ ವಾರದಲ್ಲಿ ಆಂಟಿಗುವಾದ ಬೀದಿಗಳಲ್ಲಿ ಬಣ್ಣದ ಮರದಪುಡಿ, ಹೂವುಗಳಿಂದ ಹಾಸು ಬಿಡಿಸಿ ಅದರ ಮೇಲೆ ಮೆರವಣಿಗೆ ಸಾಗುತ್ತದೆ. ಅದಕ್ಕೆಂದೇ ಹೋಗುವವರು ತಿಂಗಳುಗಳ ಮೊದಲೇ ರೂಮು ಹಿಡಿದಿರಬೇಕು. ಬೆಟ್ಟ ಹತ್ತಲು ಹೋಗುವವರು ಆ ವಾರವನ್ನು ತಪ್ಪಿಸಿ. ರಸ್ತೆಗಳು ಗಂಟೆಗಟ್ಟಲೆ ಮುಚ್ಚಿರುತ್ತವೆ, ವ್ಯಾನು ಊರೊಳಗೆ ಬರುವುದಿಲ್ಲ.

ಹಂತ 2: ವೀಸಾ ಮತ್ತು ಟಿಕೆಟ್ ಒಟ್ಟಿಗೇ ನೋಡಿ

ಮೊದಲು ವಿಮಾನದ ಟಿಕೆಟ್ ತೆಗೆದು ಆಮೇಲೆ ವೀಸಾ ಯೋಚಿಸುವುದು ಅತಿ ದುಬಾರಿ ತಪ್ಪು. ಭಾರತದ ಪಾಸ್‌ಪೋರ್ಟಿಗೆ ಗ್ವಾಟೆಮಾಲಾದ ವೀಸಾ ನಿಯಮ ಅನ್ವಯಿಸುತ್ತದೆ. ಕೈಯಲ್ಲಿ ಅಮೆರಿಕ, ಕೆನಡಾ ಅಥವಾ ಷೆಂಗೆನ್ ವೀಸಾ ಇದ್ದರೆ ನಿಮ್ಮ ವಿಷಯದಲ್ಲಿ ಏನು ರಿಯಾಯಿತಿ ಎಂದು ಅವರ ರಾಯಭಾರ ಕಚೇರಿಗೆ ಬರೆದು ಕೇಳಿ, ಉತ್ತರವನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಕಚೇರಿ ದೆಹಲಿಯಲ್ಲೂ ಇದೆ. ಚೆಕ್-ಇನ್ ಕೌಂಟರಿನವರು ನೋಡುವುದು ಟಿಮ್ಯಾಟಿಕ್ ಎಂಬ ಮಾಹಿತಿ ವ್ಯವಸ್ಥೆಯನ್ನು. ಅದರಲ್ಲಿ ಬೇರೆ ಇದ್ದರೆ ವಿಮಾನ ಹತ್ತಿಸುವುದಿಲ್ಲ.

ದಾರಿಯಲ್ಲಿ ಮೂರು ಗುಂಡಿಗಳಿವೆ.

ಒಂದು, ಅಮೆರಿಕದ ಮೂಲಕ ಹೋದರೆ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕು. ಹೊರಗೆ ಹೋಗದೆ ಒಳಗೇ ಕಾಯುವ ಟ್ರಾನ್ಸಿಟ್ ವ್ಯವಸ್ಥೆ ಅಲ್ಲಿಲ್ಲ.

ಎರಡು, ಎಲ್ ಸಾಲ್ವಡಾರ್ ಮೂಲಕ ಅಗ್ಗದ ಟಿಕೆಟ್ ಕಾಣುತ್ತದೆ. ಆದರೆ 2023ರ ಅಕ್ಟೋಬರಿನಿಂದ ಆ ದೇಶ ಭಾರತದ ಪಾಸ್‌ಪೋರ್ಟಿನವರಿಗೆ, ಬರೀ ವಿಮಾನ ಬದಲಿಸುವವರಿಗೂ, ತೆರಿಗೆ ಸೇರಿ 1,130 ಡಾಲರ್ ಶುಲ್ಕ ಹಾಕಲು ಶುರುಮಾಡಿತು. ಆ ದಾರಿ ಹಿಡಿಯುವ ಮುಂಚೆ ಈಗಿನ ಸ್ಥಿತಿಯನ್ನು ಏರ್‌ಲೈನಿನವರ ಹತ್ತಿರ ಕೇಳಿ.

ಮೂರು, ಎಚ್-1ಬಿ ಮೇಲೆ ಅಮೆರಿಕದಲ್ಲಿರುವವರ ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ, ಮೆಕ್ಸಿಕೊ ಮತ್ತು ಕೆನಡಾಕ್ಕೆ ಇರುವ ಮೂವತ್ತು ದಿನಗಳ ಮರುಪ್ರವೇಶದ ಸೌಲಭ್ಯ ಗ್ವಾಟೆಮಾಲಾಕ್ಕೆ ಇಲ್ಲ. ಹೊಸ ಸ್ಟ್ಯಾಂಪಿಂಗ್ ಇಲ್ಲದೆ ವಾಪಸ್ ಹೋಗಲಾಗದು.

ಇನ್ನೊಂದು ತಮಾಷೆಯಂತೆ ಕಂಡರೂ ನಿಜಕ್ಕೂ ಆಗುವಂಥದ್ದು: ವಿವಿಯನ್ ರಿಚರ್ಡ್ಸ್ ಅವರ ಆಂಟಿಗುವಾ ಕೆರಿಬಿಯನ್ ದ್ವೀಪ, ಅದು ಬೇರೆ. ಗ್ವಾಟೆಮಾಲಾದ ಆಂಟಿಗುವಾಕ್ಕೆ ವಿಮಾನ ನಿಲ್ದಾಣವೇ ಇಲ್ಲ. ಟಿಕೆಟ್ ತೆಗೆಯಬೇಕಾದದ್ದು ಗ್ವಾಟೆಮಾಲಾ ಸಿಟಿಯ ಲಾ ಔರೋರಾ ನಿಲ್ದಾಣಕ್ಕೆ, ಅದರ ಕೋಡ್ ಜಿ-ಯು-ಎ.

ಪ್ರಯಾಣ ವಿಮೆ ತೆಗೆಯುವಾಗ ಎತ್ತರದ ಮಿತಿ ಓದಿ. 3,000 ಮೀಟರ್ ಮಿತಿಯ ಪಾಲಿಸಿ ಅಕಾಟೆನಾಂಗೊಕ್ಕೆ ಉಪಯೋಗವಿಲ್ಲ. 4,000 ಇದ್ದರೆ ಸಾಕು.

ಹಂತ 3: ಇಳಿದ ದಿನ ಆಂಟಿಗುವಾ ಸೇರಿ

ಹಗಲಲ್ಲಿ ಇಳಿಯುವ ವಿಮಾನ ಆರಿಸಿ. ನಿಲ್ದಾಣದಿಂದ ಆಂಟಿಗುವಾಕ್ಕೆ ಸುಮಾರು 40 ಕಿಲೊಮೀಟರ್. ದಾರಿ ಖಾಲಿಯಿದ್ದರೆ ಒಂದು ಗಂಟೆ, ಸಂಜೆ ಐದರ ಟ್ರಾಫಿಕ್ಕಿನಲ್ಲಿ ಎರಡರಿಂದ ಮೂರು. ಮೊದಲೇ ಗೊತ್ತುಮಾಡಿದ ಶಟಲ್ ವ್ಯಾನ್ ಅಥವಾ ಉಬರ್ ಸಾಕು. ಬಣ್ಣಬಣ್ಣದ ಹಳೇ ಶಾಲಾ ಬಸ್ಸುಗಳು ಫೋಟೊಗೆ ಚೆನ್ನ. ಲಗೇಜಿನೊಂದಿಗೆ, ಕತ್ತಲಾದ ಮೇಲೆ ಅವನ್ನು ಹತ್ತಬೇಡಿ, ಆ ಬಸ್ಸುಗಳಲ್ಲಿ ಸುಲಿಗೆ ಹೊಸದೇನಲ್ಲ. ರಾತ್ರಿ ಒಂಬತ್ತರ ನಂತರ ಇಳಿಯುವುದಾದರೆ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಮಲಗಿ, ಬೆಳಗ್ಗೆ ಹೊರಡಿ.

ಹಣದ ವಿಷಯ: ಒಂದು ಡಾಲರಿಗೆ ಏಳೂವರೆಯಿಂದ ಎಂಟು ಕೆಟ್ಸಾಲ್ ಒಳಗೆ ಸಿಗುತ್ತದೆ. ರೂಪಾಯಿ ಎಲ್ಲೂ ಬದಲಾಗುವುದಿಲ್ಲ. ಬ್ಯಾಂಕಿನ ಒಳಗಿರುವ ಎಟಿಎಂ ಬಳಸಿ. 200ರ ನೋಟು ಸಿಕ್ಕಿದರೆ ದೊಡ್ಡ ಅಂಗಡಿಯಲ್ಲೇ ಮುರಿಸಿಬಿಡಿ. ದೋಣಿಯವರ ಹತ್ತಿರ, ಬೆಟ್ಟದ ಬುಡದ ಅಂಗಡಿಗಳಲ್ಲಿ ಚಿಲ್ಲರೆ ಇರುವುದಿಲ್ಲ. ಅಂಚು ಹರಿದ ಡಾಲರ್ ನೋಟನ್ನು ಯಾರೂ ಮುಟ್ಟುವುದಿಲ್ಲ.

ವಿದ್ಯುತ್ 120 ವೋಲ್ಟ್, ಪ್ಲಗ್ ಅಮೆರಿಕದ ಚಪ್ಪಟೆ ಪಿನ್ನಿನದು. ಫೋನ್ ಚಾರ್ಜರ್‌ಗೆ ಅಡಾಪ್ಟರ್ ಸಾಕು. ಊರಿನಿಂದ ಒಯ್ದ 230 ವೋಲ್ಟಿನ ರೈಸ್ ಕುಕ್ಕರಿನಲ್ಲಿ ಅನ್ನ ಬೇಯುವುದು ಕನಸು. ನಲ್ಲಿ ನೀರು ಕುಡಿಯಬೇಡಿ, ಹಲ್ಲುಜ್ಜಲೂ ಬೇಡ.

ಹಂತ 4: ಆಂಟಿಗುವಾದಲ್ಲಿ ದಿಕ್ಕು ಕಲಿಯಿರಿ

ಊರು ಚೌಕಳಿಯಾಗಿದೆ, ಆದರೂ ಜನ ಇಲ್ಲಿ ದಾರಿ ತಪ್ಪುತ್ತಾರೆ. ವಿಳಾಸ ಓದುವ ಉಪಾಯ ಹೀಗೆ. ಅವೆನಿಡಾಗಳು ಉತ್ತರ-ದಕ್ಷಿಣವಾಗಿ ಓಡುತ್ತವೆ, ಕಾಯೆಗಳು ಪೂರ್ವ-ಪಶ್ಚಿಮವಾಗಿ. ನಟ್ಟನಡುವಿನ ಪಾರ್ಕಿನ ಪೂರ್ವಕ್ಕೆ 4ನೇ ಅವೆನಿಡಾ, ಪಶ್ಚಿಮಕ್ಕೆ 5ನೇ ಅವೆನಿಡಾ. ಉತ್ತರಕ್ಕೆ 4ನೇ ಕಾಯೆ, ದಕ್ಷಿಣಕ್ಕೆ 5ನೇ ಕಾಯೆ. ಹೆಸರಿನ ಕೊನೆಗೆ ನೋರ್ತೆ ಎಂದರೆ ಪಾರ್ಕಿನ ಉತ್ತರ ಭಾಗ, ಸುರ್ ದಕ್ಷಿಣ, ಓರಿಯೆಂತೆ ಪೂರ್ವ, ಪೊನಿಯೆಂತೆ ಪಶ್ಚಿಮ. ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಹಳದಿ ಸಾಂತಾ ಕಟಲೀನಾ ಕಮಾನು 5ನೇ ಅವೆನಿಡಾ ನೋರ್ತೆಯಲ್ಲಿದೆ. ಅದೇ ಅವೆನಿಡಾದ ಸುರ್ ಭಾಗಕ್ಕೆ ಹೋಗಿ ಕಮಾನು ಹುಡುಕಿದರೆ ಸಿಗದು. ಎಲ್ಲಿ ನಿಂತರೂ ದಕ್ಷಿಣಕ್ಕೆ ಆಗ್ವಾ ಜ್ವಾಲಾಮುಖಿ ಒಂಟಿ ಗೋಪುರದಂತೆ ಕಾಣುತ್ತದೆ, ಅದೇ ನಿಮ್ಮ ದಿಕ್ಸೂಚಿ.

ಬೆಳಗ್ಗೆ ಏಳಕ್ಕೆ ಕಮಾನು, ಆಮೇಲೆ ಲಾ ಮೆರ್ಸೆದ್ ಚರ್ಚು, 1773ರ ಭೂಕಂಪದಲ್ಲಿ ಕುಸಿದ ಕ್ಯಾಥೆಡ್ರಲ್‌ನ ಹಿಂಭಾಗದ ಪಾಳು ಗೋಡೆಗಳು. ಉತ್ತರದ ಗುಡ್ಡದ ಮೇಲಿರುವ ಸೆರೊ ದೆ ಲಾ ಕ್ರೂಸ್ ಶಿಲುಬೆಯ ಹತ್ತಿರ ಹತ್ತು ಗಂಟೆಯೊಳಗೆ ಹೋಗಿ, ಆಮೇಲೆ ಆಗ್ವಾ ಮೋಡದ ಹಿಂದೆ ಸರಿಯುತ್ತದೆ. ಸಂಜೆ ಕತ್ತಲಾದ ಮೇಲೆ ಆ ಮೆಟ್ಟಿಲ ದಾರಿ ಬೇಡ.

ಬೀದಿಗಳೆಲ್ಲ ಉಬ್ಬುತಗ್ಗಿನ ಗುಂಡುಕಲ್ಲು. ಚಕ್ರದ ಸೂಟ್‌ಕೇಸಿನ ಚಕ್ರ ಇಲ್ಲಿ ಉಳಿಯುವುದಿಲ್ಲ, ಎತ್ತರ ಹಿಮ್ಮಡಿಯ ಚಪ್ಪಲಿಯಂತೂ ಬೇಡವೇ ಬೇಡ. ಬೆಟ್ಟಕ್ಕೆ ಮೊದಲು ಕಾಲು ಉಳುಕಿಸಿಕೊಳ್ಳುವವರು ಬಹುತೇಕ ಈ ಬೀದಿಗಳಲ್ಲೇ ಉಳುಕಿಸಿಕೊಳ್ಳುವುದು.

ಸಸ್ಯಾಹಾರಿಗಳು ಇಲ್ಲೇ ನಾಲ್ಕು ಸ್ಪ್ಯಾನಿಷ್ ಮಾತು ಬಾಯಿಪಾಠ ಮಾಡಿ: ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಕಾಲ್ದೊ, ಸಿನ್ ಮಾಂತೇಕಾ. ಮಾಂಸ ಬೇಡ, ಕೋಳಿ ಬೇಡ, ಮಾಂಸದ ಸಾರು ಬೇಡ, ಹಂದಿ ಕೊಬ್ಬು ಬೇಡ. ಬರೀ ಮೊದಲನೆಯದನ್ನು ಹೇಳಿದರೆ ಕೋಳಿ ಬರಬಹುದು, ಏಕೆಂದರೆ ಕಾರ್ನೆ ಅಂದರೆ ದನದ ಮಾಂಸ ಎಂದೇ ಹಲವರ ಎಣಿಕೆ. ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವುದು, ಕರಿ ಬೀನ್ಸನ್ನು ಹಂದಿ ಕೊಬ್ಬಿನಲ್ಲಿ ಬಾಡಿಸುವುದು, ತಮಾಲೆ ಹಿಟ್ಟಿಗೆ ಅದನ್ನೇ ಕಲಸುವುದು ಸಾಮಾನ್ಯ. ಮೆಕ್ಕೆಜೋಳದ ತೋರ್ತಿಯಾ, ಬೆಣ್ಣೆಹಣ್ಣು, ಮೊಟ್ಟೆ, ಹುರಿದ ಬಾಳೆಹಣ್ಣು ಎಲ್ಲೆಡೆ ಸಿಗುತ್ತವೆ.

ಹಂತ 5: ಕಾಫಿ ತೋಟಕ್ಕೆ ಮಧ್ಯಾಹ್ನ ಹೋಗಿ

ತೋಟದ ಭೇಟಿ ಬೆಟ್ಟಕ್ಕೆ ಮೊದಲಿನ ಬಿಡುವಿನ ದಿನಕ್ಕೆ ಸರಿ: ನಡಿಗೆ ಎರಡು ಗಂಟೆಗಿಂತ ಹೆಚ್ಚಿಲ್ಲ, ದೇಹ ಎತ್ತರಕ್ಕೆ ಒಗ್ಗುತ್ತದೆ. ಊರಿಗೆ ತಾಗಿಕೊಂಡಿರುವ ದೊಡ್ಡ ಫಿಂಕಾಗಳಲ್ಲಿ (ಎಸ್ಟೇಟುಗಳಲ್ಲಿ) ನಿಗದಿತ ಸಮಯದ ಟೂರ್ ಇರುತ್ತದೆ. ಸಿಯುದಾದ್ ವಿಯೆಹಾ ಪಕ್ಕದ ಸಾನ್ ಮಿಗೆಲ್ ಎಸ್ಕೊಬಾರಿನಲ್ಲಿ ಸಣ್ಣ ಬೆಳೆಗಾರರೇ ತಮ್ಮ ತೋಟ, ಮನೆ ತೋರಿಸುತ್ತಾರೆ. ಕೆಲಸ ಕಲಿಯುವ ಆಸೆ ಇದ್ದರೆ ಎರಡನೆಯದೇ ವಾಸಿ.

ಬಹುತೇಕರು ಬೆಳಗಿನ ಟೂರ್ ತೆಗೆದುಕೊಂಡು ಬರೀ ಒಣಗುವ ಕಣ ನೋಡಿ ಬರುತ್ತಾರೆ. ಕೊಯ್ದ ಹಣ್ಣು ಕೆಳಗೆ ಬರುವುದು ಮಧ್ಯಾಹ್ನ ಮೂರರ ನಂತರ, ಪಲ್ಪಿಂಗ್ ಅದರ ಮೇಲೆ. ಬುಕ್ ಮಾಡುವಾಗ ಎರಡು ಪ್ರಶ್ನೆ ಕೇಳಿ: ಇವತ್ತು ಪಲ್ಪಿಂಗ್ ಇದೆಯೇ? ತೊಟ್ಟಿಯ ಹತ್ತಿರ ಬಿಡುತ್ತೀರಾ? ಇಲ್ಲ ಎಂದರೆ ಅದು ಹುರಿದು ಕುಡಿಸುವ ಟೂರ್, ಅಷ್ಟೇ.

ನೋಡಬೇಕಾದ ಕ್ರಮ ಹೀಗೆ. ಮೊದಲು ಹಣ್ಣನ್ನು ನೀರಿಗೆ ಹಾಕಿ ತೇಲುವುದನ್ನು ಬೇರ್ಪಡಿಸುತ್ತಾರೆ. ಸಿಪ್ಪೆ ಬಿಡಿಸಿದ ಬೀಜ ತೊಟ್ಟಿಯಲ್ಲಿ ರಾತ್ರಿಯಿಡೀ, ಚಳಿ ಹೆಚ್ಚಿದ್ದರೆ ಇನ್ನೂ ಹೆಚ್ಚು ಹೊತ್ತು ಹುದುಗುತ್ತದೆ. ಮುಗಿಯಿತೇ ಎಂದು ತಿಳಿಯಲು ಒಂದು ಹಿಡಿ ಬೀಜ ತೊಳೆದು ಅಂಗೈಯಲ್ಲಿ ಉಜ್ಜುತ್ತಾರೆ. ಲೋಳೆ ಜಾರುತ್ತಿದ್ದರೆ ಇನ್ನೂ ಕಾಯಬೇಕು, ಜಲ್ಲಿಯಂತೆ ಕರಕರ ಸದ್ದು ಬಂದರೆ ತೊಳೆಯಬಹುದು. ಕೈ ಒಡ್ಡಿ ಕೇಳಿ, ನಿಮಗೂ ಕೊಡುತ್ತಾರೆ. ತಡವಾದರೆ ಹುಳಿ ವಾಸನೆ ಬೀಜಕ್ಕೇ ಹತ್ತುತ್ತದೆ, ಆಮೇಲೆ ಯಾವ ಹುರಿತವೂ ಅದನ್ನು ಮುಚ್ಚದು. ಆಮೇಲೆ ಕಣದಲ್ಲಿ ಗೋರಿ ಗೋರಿ ಒಣಗಿಸಿ ತೇವವನ್ನು ನೂರಕ್ಕೆ ಹನ್ನೊಂದು, ಹನ್ನೆರಡಕ್ಕೆ ತರುತ್ತಾರೆ.

ಮಲೆನಾಡಿನವರ ಕಣ್ಣು ತಾನಾಗಿಯೇ ನೆರಳಿನ ಮರಗಳ ಮೇಲೆ ಹೋಗುತ್ತದೆ. ಆಂಟಿಗುವಾದಲ್ಲಿ ಗ್ರಾವಿಲೆಯಾ ಅನ್ನುವುದು ನಮ್ಮ ಸಿಲ್ವರ್ ಓಕೇ. ಆದರೆ ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿರುವುದಿಲ್ಲ. ಇಲ್ಲಿ ನೆರಳಿಗೆ ಇನ್ನೊಂದು ಕೆಲಸವೂ ಇದೆ, ಡಿಸೆಂಬರಿನಿಂದ ಫೆಬ್ರವರಿಯವರೆಗೆ ತಗ್ಗಿನ ತಾಕುಗಳಲ್ಲಿ ಬೀಳುವ ಹಿಮದಿಂದ ಗಿಡ ಕಾಯುವುದು. ನಮ್ಮಲ್ಲಿ ಅರೇಬಿಕಾವನ್ನು ತಿಂದುಹಾಕುವ ಬಿಳಿ ಕಾಂಡಕೊರಕ ಅಲ್ಲಿಲ್ಲ. ಎಲೆ ತುಕ್ಕು ರೋಗ ಮಾತ್ರ ಜೋರು, 2013ರಲ್ಲಿ ಸರ್ಕಾರ ತುರ್ತು ಪರಿಸ್ಥಿತಿಯನ್ನೇ ಘೋಷಿಸಿತ್ತು. ಏಲಕ್ಕಿ ಕೇಳಬೇಡಿ. ರಫ್ತಿನಲ್ಲಿ ಗ್ವಾಟೆಮಾಲಾ ಮುಂದಿದ್ದರೂ ಅದು ಬೆಳೆಯುವುದು ಉತ್ತರದ ಕೊಬಾನ್ ಕಡೆ, ಆಂಟಿಗುವಾದಲ್ಲಲ್ಲ.

ಎಚ್ಚರಿಕೆ: ಹಸಿ ಬೀಜ, ಪಾರ್ಚ್‌ಮೆಂಟ್ (ಹೊಟ್ಟು ತೆಗೆಯದ ಒಣ ಬೀಜ), ಗಿಡದ ಯಾವ ಭಾಗವನ್ನೂ ಭಾರತಕ್ಕೆ ತರಬೇಡಿ. ಸಸ್ಯ ಕ್ವಾರಂಟೈನ್ ಪರವಾನಗಿ ಇಲ್ಲದೆ ಅದು ಅಕ್ರಮ, ಜೊತೆಗೆ ರೋಗದ ಹೊಸ ತಳಿ ಮನೆಗೆ ತಂದಂತೆ. ತೋಟದಲ್ಲಿ ಹಾಕಿದ ಶೂ, ಬಟ್ಟೆಗಳನ್ನು ಅಲ್ಲೇ ತೊಳೆದು ಒಣಗಿಸಿ. ಹುರಿದ ಬೀಜ ಕೊಳ್ಳುವಾಗ ಚೀಲದ ಮೇಲೆ ಹುರಿದ ದಿನಾಂಕ ನೋಡಿ. ನೋಡಲು ಚೆಂದದ ಚೀಲಗಳಲ್ಲಿ ತಿಂಗಳುಗಟ್ಟಲೆ ಹಳೆಯದು ಇರುತ್ತದೆ.

ಹಂತ 6: ಪಕಾಯಾದಲ್ಲಿ ಪರೀಕ್ಷೆ

ಅಕಾಟೆನಾಂಗೊಕ್ಕೆ ಕಾಲು ತಯಾರಿದೆಯೇ ಎಂದು ತಿಳಿಯಲು ಪಕಾಯಾ ಒಳ್ಳೆಯ ಅಳತೆಗೋಲು. ಸಾನ್ ಫ್ರಾನ್ಸಿಸ್ಕೊ ದೆ ಸಾಲೆಸ್ ಹಳ್ಳಿಯಿಂದ ಒಂದೂವರೆ-ಎರಡು ಗಂಟೆಯ ಹತ್ತುವಿಕೆ. ಗೈಡ್ ಕಡ್ಡಾಯ. ಬೆಳಗಿನ ಆರರ ವ್ಯಾನ್ ಹಿಡಿದರೆ ಮೋಡ ಕಡಿಮೆ. ಕುದುರೆಯವರು ಹಿಂದೆಯೇ ಬರುತ್ತಾ ಕರೆಯುತ್ತಿರುತ್ತಾರೆ, ಬೇಡವೆಂದರೆ ಮೊದಲ ಹತ್ತು ನಿಮಿಷದಲ್ಲೇ ಸ್ಪಷ್ಟವಾಗಿ ಹೇಳಿಬಿಡಿ.

ಲಾವಾ ಕಲ್ಲು ಗಾಜಿನ ಚೂರಿನಷ್ಟು ಹರಿತ. ಬಿದ್ದರೆ ಅಂಗೈ ಹರಿಯುತ್ತದೆ, ಗ್ಲೌಸ್ ಇಟ್ಟುಕೊಳ್ಳಿ. ಬಿಸಿ ಬಿರುಕುಗಳಲ್ಲಿ ಮಾರ್ಷ್‌ಮೆಲೊ ಸುಡಿಸುತ್ತಾರೆ. ಅದರಲ್ಲಿ ಜೆಲಾಟಿನ್ ಇರುತ್ತದೆ, ಸಸ್ಯಾಹಾರಿಗಳು ಗಮನಿಸಿ. ಹೊಳೆಯುವ ಲಾವಾ ಹರಿಯುವುದು ದಿನವೂ ಕಾಣುವುದಲ್ಲ. 2021ರಲ್ಲಿ ಹರಿದಾಗಿನ ಫೋಟೊಗಳನ್ನೇ ಇನ್ನೂ ಜಾಹೀರಾತಿನಲ್ಲಿ ಹಾಕುವವರಿದ್ದಾರೆ.

ಇಲ್ಲಿ ಹತ್ತುವಾಗ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಬೇಕಾಗಿ ಬಂದರೆ, ಇಳಿದ ರಾತ್ರಿ ಮಂಡಿ ಊದಿದರೆ, ಅಕಾಟೆನಾಂಗೊ ಬಿಟ್ಟು ಸರೋವರಕ್ಕೆ ಹೊರಡಿ.

ಹಂತ 7: ಅಕಾಟೆನಾಂಗೊ

ಕುಮಾರಪರ್ವತ ಹತ್ತಿದವರು ಇದೂ ಅಷ್ಟೇ ತಾನೇ ಎಂದುಕೊಳ್ಳುತ್ತಾರೆ. ಏರುವ ಮೀಟರುಗಳ ಲೆಕ್ಕದಲ್ಲಿ ನಿಜ. ಕುಕ್ಕೆಯಿಂದ ಕುಮಾರಪರ್ವತದ ತುದಿಗೆ ಏರುವಷ್ಟೇ ಹೆಚ್ಚುಕಡಿಮೆ ಇಲ್ಲಿಯೂ. ಆದರೆ ಅಲ್ಲಿ ಮುಗಿಯುವುದು 1,712 ಮೀಟರಿನಲ್ಲಿ, ಇಲ್ಲಿ ಶುರುವಾಗುವುದೇ ಸುಮಾರು 2,400ರಲ್ಲಿ. ಕ್ಯಾಂಪಿನಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟು. ಕಾಲಿನ ಬಲ ಈ ಕೊರತೆಯನ್ನು ತುಂಬುವುದಿಲ್ಲ. ದಿನವೂ ಓಡುವ ಹುಡುಗರೇ ವೇಗವಾಗಿ ಏರಿ ಮೊದಲು ಮಲಗಿಬಿಡುತ್ತಾರೆ.

ಗೈಡ್ ಸಂಸ್ಥೆಯನ್ನು ಆರಿಸುವಾಗ ಬೆಲೆಗಿಂತ ಮೊದಲು ಇವನ್ನು ಕೇಳಿ: ಒಬ್ಬ ಗೈಡಿಗೆ ಎಷ್ಟು ಜನ? ಯಾರಾದರೂ ಕೆಳಗಿಳಿಯಬೇಕಾದರೆ ಜೊತೆಗೆ ಇಳಿಯಲು ಇನ್ನೊಬ್ಬ ಗೈಡ್ ಇದ್ದಾನೆಯೇ? ಮಲಗುವ ಚೀಲ ಎಷ್ಟು ಡಿಗ್ರಿಯದು? ಟೆಂಟೋ ಮರದ ಕೋಣೆಯೋ? ಪ್ರವೇಶ ಶುಲ್ಕ ಸೇರಿದೆಯೇ? ಸಸ್ಯಾಹಾರ ಅಂದರೆ ಏನು ಕೊಡುತ್ತೀರಿ? ಎರಡನೇ ಪ್ರಶ್ನೆಗೆ ತಡವರಿಸುವವರನ್ನು ಬಿಟ್ಟುಬಿಡಿ.

ಚೀಲದಲ್ಲಿ ಇರಬೇಕಾದದ್ದು: ತಲಾ ಮೂರರಿಂದ ನಾಲ್ಕು ಲೀಟರ್ ನೀರು, ದಾರಿಯಲ್ಲಿ ನೀರಿನ ಸೆಲೆ ಇಲ್ಲ. ಉಣ್ಣೆ ಅಥವಾ ಫ್ಲೀಸ್ ಒಳಂಗಿ, ದಪ್ಪ ಜಾಕೆಟ್, ಗಾಳಿ-ಮಳೆ ತಡೆಯುವ ಹೊರಕೋಟು, ಮಂಕಿ ಕ್ಯಾಪ್, ಗ್ಲೌಸ್, ಎರಡು ಜೊತೆ ಒಣ ಕಾಲುಚೀಲ, ತಲೆಗೆ ಕಟ್ಟುವ ಟಾರ್ಚ್, ಬೂದಿ ಧೂಳಿಗೆ ಮಾಸ್ಕ್, ಕೋಲು, ಟಾಯ್ಲೆಟ್ ಪೇಪರ್. ಜಾಕೆಟ್ ಅಲ್ಲೇ ಬಾಡಿಗೆಗೆ ಸಿಗುತ್ತದೆ, ಜಿಪ್ ಹಾಕಿ ನೋಡಿಯೇ ತೆಗೆದುಕೊಳ್ಳಿ. ಜೀನ್ಸ್ ಮತ್ತು ಹತ್ತಿ ಬನಿಯನ್ ಬೇಡ. ಬೆವರು ಕುಡಿದ ಹತ್ತಿಯೇ ರಾತ್ರಿ ಮೈ ಕೊರೆಯುವುದು. ಫೋನನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಹಿಂದಿನ ದಿನ ಕಾಲ್ಬೆರಳ ಉಗುರು ಕತ್ತರಿಸಿ. ಇಳಿಯುವಾಗ ಶೂ ಮುಂದಕ್ಕೆ ಒತ್ತಿ ಉಗುರು ಕಪ್ಪಾಗುತ್ತದೆ.

ಚಳಿಯನ್ನು ಹಗುರವಾಗಿ ಎಣಿಸಬೇಡಿ. 2017ರ ಜನವರಿಯಲ್ಲಿ ಇದೇ ಬೆಟ್ಟದಲ್ಲಿ ಆರು ಜನ ಚಾರಣಿಗರು ಮೈ ತಣ್ಣಗಾಗಿ ತೀರಿಕೊಂಡರು. ಅವರು ಗ್ವಾಟೆಮಾಲಾದವರೇ. ಡಿಸೆಂಬರ್, ಜನವರಿ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಗಾಳಿ ಬೇರೆ.

ನಡಿಗೆಯ ಲೆಕ್ಕ: ಬೆಳಗ್ಗೆ ಎಂಟಕ್ಕೆ ಆಂಟಿಗುವಾ ಬಿಟ್ಟರೆ ಹತ್ತರ ಹೊತ್ತಿಗೆ ಲಾ ಸೊಲೆದಾದ್ ಹಳ್ಳಿಯಿಂದ ಹತ್ತಲು ಶುರು. ಮೊದಲ ಒಂದು ಗಂಟೆ ಹೊಲಗಳ ನಡುವೆ, ಕಾಲು ಕುಸಿಯುವ ಮರಳುದಾರಿ. ಸೋಲುವವರು ಸೋಲುವುದು ಇಲ್ಲೇ, ಓಡಿದ್ದರಿಂದ. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಇಟ್ಟುಕೊಳ್ಳಿ. ಆಮೇಲೆ ಮೋಡಗಾಡು, ಅದರ ಮೇಲೆ ಪೈನ್ ಮರಗಳು, ಕೊನೆಗೆ ಬೆಟ್ಟ ಸುತ್ತುವ ಹೆಚ್ಚುಕಡಿಮೆ ಸಮತಟ್ಟಾದ ದಾರಿ. ಒಟ್ಟು ನಾಲ್ಕರಿಂದ ಆರು ಗಂಟೆಯಲ್ಲಿ 3,600 ಮೀಟರ್ ಸುತ್ತಮುತ್ತಲಿನ ಕ್ಯಾಂಪು. ಅರ್ಧ ದಾರಿ ಜೀಪಿನಲ್ಲಿ ಬಿಡುತ್ತೇವೆ ಎನ್ನುವವರಿದ್ದಾರೆ. ಕಾಲಿಗೆ ಆರಾಮ, ಆದರೆ ಎತ್ತರಕ್ಕೆ ಒಗ್ಗಲು ದೇಹಕ್ಕೆ ಸಿಗುವ ಹೊತ್ತು ಅಷ್ಟು ಕಡಿಮೆಯಾಗುತ್ತದೆ. ಹೊರೆ ತಗ್ಗಿಸಬೇಕಾದರೆ ಬುಡದಲ್ಲಿ ಹಮಾಲಿ ಗೊತ್ತುಮಾಡುವುದೇ ಉತ್ತಮ.

ಎದುರಿಗಿರುವ ಫುಯೆಗೊ ಜ್ವಾಲಾಮುಖಿ ಚುರುಕಾಗಿದ್ದಾಗ ಕಾಲು ಗಂಟೆಗೊಮ್ಮೆ ಗುಡುಗುತ್ತದೆ. ಕೆಲವೊಮ್ಮೆ ವಾರಗಟ್ಟಲೆ ಸುಮ್ಮನಾಗುತ್ತದೆ, ಆಗ ಬರೀ ಕಪ್ಪು ಬೆಟ್ಟ. ಹೊರಡುವ ಹಿಂದಿನ ದಿನ ಭೂಕಂಪ-ಜ್ವಾಲಾಮುಖಿ ಸಂಸ್ಥೆ ಇನ್ಸಿವುಮೆಯ ಪ್ರಕಟಣೆ, ವಿಪತ್ತು ನಿರ್ವಹಣೆಯ ಕಾನ್‌ರೆಡ್ ಸಂಸ್ಥೆಯ ಸೂಚನೆ, ಎರಡನ್ನೂ ನೋಡಿ.

ಕ್ಯಾಂಪಿನಿಂದ ಫುಯೆಗೊ ಬೆಟ್ಟದ ಬೆನ್ನಿನ ಮೇಲಕ್ಕೆ ಸಂಜೆ ಕರೆದೊಯ್ಯುವ ಹೆಚ್ಚುವರಿ ನಡಿಗೆಗೆ ನಮ್ಮ ಸಲಹೆ ಒಂದೇ: ಹೋಗಬೇಡಿ. ಇಳಿದು, ಹತ್ತಿ, ಮತ್ತೆ ಇಳಿದು ಹತ್ತುವ ನಾಲ್ಕೈದು ಗಂಟೆ. ಸ್ಫೋಟ ದೊಡ್ಡದಾದರೆ ಕೆಂಡದಂಥ ಬಂಡೆಗಳು ಬೀಳುವ ಅಂತರದಲ್ಲೇ ನಿಂತಿರುತ್ತೀರಿ. 2018ರ ಜೂನ್ 3ರಂದು ಇದೇ ಫುಯೆಗೊ ಬುಡದ ಸಾನ್ ಮಿಗೆಲ್ ಲೋಸ್ ಲೋತೆಸ್ ಹಳ್ಳಿಯನ್ನೇ ಹೂತುಹಾಕಿತು. ಕ್ಯಾಂಪಿನಿಂದ ಕಾಣುವುದೂ ಕಡಿಮೆಯೇನಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಶಿಖರಕ್ಕೆ ಎಬ್ಬಿಸುತ್ತಾರೆ. ಒಂದೂವರೆ-ಎರಡು ಗಂಟೆ, ಎರಡು ಹೆಜ್ಜೆ ಇಟ್ಟರೆ ಒಂದು ಜಾರುವ ಬೂದಿ. ತಲೆನೋವಿದ್ದರೆ ಹತ್ತಬೇಡಿ, ಕ್ಯಾಂಪಿನಲ್ಲೇ ಸೂರ್ಯೋದಯ ನೋಡಿ.

ಅಪಾಯದ ಚಿಹ್ನೆಗಳನ್ನು ಗುಂಪಿನ ಪ್ರತಿಯೊಬ್ಬರೂ ತಿಳಿದಿರಲಿ. ತಲೆನೋವಿನ ಜೊತೆ ವಾಕರಿಕೆ, ಊಟ ಸೇರದಿರುವುದು: ಮೇಲೆ ಹೋಗುವುದು ನಿಲ್ಲಿಸಿ, ನೀರು ಕುಡಿಸಿ, ಗಮನಿಸುತ್ತಿರಿ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ಕುಡಿದವರಂತೆ ತೂರಾಡುವುದು, ಮಾತು ತೊದಲುವುದು: ಬೆಳಗಾಗಲಿ ಎಂದು ಕಾಯಬೇಡಿ, ಟಾರ್ಚ್ ಹಿಡಿದು ಕೆಳಗಿಳಿಸಿ. ಮೈ ನಡುಗುತ್ತಿದ್ದವರು ಒಣ ಬಟ್ಟೆ ಹಾಕುವ ಮುಂಚೆಯೇ ನಡುಗುವುದು ನಿಲ್ಲಿಸಿ ಮಂಕಾದರೆ ಅದು ಚೇತರಿಕೆಯಲ್ಲ, ಕೆಟ್ಟ ಲಕ್ಷಣ. ರಾತ್ರಿ ಬಿಸಿ ವೈನ್ ಕೊಡುತ್ತಾರೆ, ಬೇಡ ಅನ್ನಿ. ಎತ್ತರದ ಮಾತ್ರೆ ಬೇಕೆನಿಸಿದರೆ ಊರಲ್ಲೇ ವೈದ್ಯರನ್ನು ಕೇಳಿ ತನ್ನಿ. ಗುಂಪಿನಲ್ಲಿ ಯಾರೋ ಕೊಟ್ಟದ್ದನ್ನು ನುಂಗಬೇಡಿ.

ಮರುದಿನ ಮಧ್ಯಾಹ್ನ ಆಂಟಿಗುವಾ ತಲುಪುತ್ತೀರಿ. ಅಂದು ಬೇರೆ ಏನೂ ಇಟ್ಟುಕೊಳ್ಳಬೇಡಿ.

ಹಂತ 8: ಸರೋವರಕ್ಕೆ ಬೆಳಗಿನ ಹೊತ್ತು ಕೊಡಿ

ಆಂಟಿಗುವಾದಿಂದ ಸರೋವರದ ದಡದ ಊರು ಪಾನಹಾಚೆಲ್ ಎರಡೂವರೆ-ಮೂರು ಗಂಟೆ. ಆ ದಿನ ಗುರುವಾರ ಅಥವಾ ಭಾನುವಾರ ಬರುವಂತೆ ಮಾಡಿದರೆ ದಾರಿಯಲ್ಲಿ ಚಿಚಿಕಾಸ್ಟೆನಾಂಗೊ ಸಂತೆಯೂ ಸಿಗುತ್ತದೆ, ಅಲ್ಲಿ ಸಂತೆ ಆ ಎರಡೇ ದಿನ. ಸಂತೆಯ ಪಕ್ಕದ ಸಾಂತೊ ತೊಮಾಸ್ ಚರ್ಚಿನೊಳಗೆ ಫೋಟೊ ತೆಗೆಯುವಂತಿಲ್ಲ. ಹೆಂಗಸರ, ಮಕ್ಕಳ ಫೋಟೊ ಕೇಳದೆ ತೆಗೆಯುವುದೂ ಬೇಡ.

ಪಾನಹಾಚೆಲ್‌ನಲ್ಲಿ ಎರಡು ಬೇರೆ ಬೇರೆ ದೋಣಿಕಟ್ಟೆಗಳಿವೆ. ಒಂದು ಸಾಂತಿಯಾಗೊ ಅಟಿಟ್ಲಾನಿಗೆ, ಇನ್ನೊಂದು ಸಾಂತಾ ಕ್ರೂಸ್, ಸಾನ್ ಮಾರ್ಕೊಸ್, ಸಾನ್ ಹುವಾನ್, ಸಾನ್ ಪೆದ್ರೊ ಕಡೆಗೆ. ಊರಿನ ಹೆಸರು ಹೇಳಿ ಕಟ್ಟೆ ಯಾವುದೆಂದು ಮೊದಲು ಕೇಳಿ. ದೋಣಿಯ ಬಾಡಿಗೆಯನ್ನು ಪಕ್ಕದಲ್ಲಿ ಕೂತ ಊರಿನವರನ್ನು ಕೇಳಿ ತಿಳಿದುಕೊಂಡು, ಇಳಿಯುವಾಗ ಸರಿಯಾದ ಚಿಲ್ಲರೆ ಕೊಡಿ.

ಮಧ್ಯಾಹ್ನದ ಸುಮಾರಿಗೆ ಶೊಕೊಮಿಲ್ ಎಂಬ ಗಾಳಿ ಎದ್ದು ಅಲೆ ಏಳುತ್ತದೆ. ದೋಣಿ ಎತ್ತಿ ಎತ್ತಿ ಬಡಿಯುತ್ತದೆ. ಬೆನ್ನುನೋವಿನವರು, ಗರ್ಭಿಣಿಯರು ದೋಣಿಯ ಮುಂಭಾಗದಲ್ಲಿ ಕೂರಲೇಬಾರದು. ದಾಟುವ ಕೆಲಸವೆಲ್ಲ ಹನ್ನೊಂದರೊಳಗೆ ಮುಗಿಯಲಿ. ಸಂಜೆ ಕೊನೆಯ ದೋಣಿ ಎಷ್ಟಕ್ಕೆ ಎಂದು ಇಳಿದ ಕೂಡಲೇ ವಿಚಾರಿಸಿಡಿ. ಅದು ತಪ್ಪಿದರೆ ಖಾಸಗಿ ದೋಣಿಗೆ ಹಲವು ಪಟ್ಟು ಕೊಡಬೇಕು. ಹಳ್ಳಿಯಿಂದ ಹಳ್ಳಿಗೆ ಕಾಲುದಾರಿಗಳಿವೆ. ಅವುಗಳಲ್ಲಿ ದರೋಡೆ ಆಗಿರುವುದುಂಟು, ಸ್ಥಳೀಯ ಗೈಡ್ ಇಲ್ಲದೆ ಬೇಡ.

ಕೊಂಡು ಒಯ್ಯುವುದಿದ್ದರೆ ಸಾನ್ ಹುವಾನ್‌ನಲ್ಲಿ ಹೆಂಗಸರ ಸಹಕಾರ ಸಂಘಗಳು ಗಿಡಮೂಲಿಕೆ ಬಣ್ಣದಲ್ಲಿ ನೂಲು ಅದ್ದಿ ನೇಯ್ದ ಬಟ್ಟೆ ಮಾರುತ್ತವೆ. ಅಲ್ಲಿ ಚೌಕಾಸಿ ಬೇಡ.

ಹಂತ 9: ಇನ್ನೂ ಮೂರು ದಿನ ಇದ್ದರೆ ಶೆಲಾ

ಸರೋವರದಿಂದ ಪಶ್ಚಿಮಕ್ಕೆ ಹೋದರೆ ಶೆಲಾ. ರಾತ್ರಿ ಚಳಿ ಆಂಟಿಗುವಾಕ್ಕಿಂತ ಜಾಸ್ತಿ, ಪ್ರವಾಸಿಗರು ಕಡಿಮೆ. 3,772 ಮೀಟರಿನ ಸಾಂತಾ ಮರಿಯಾ ಜ್ವಾಲಾಮುಖಿ ಹತ್ತಿದರೆ ಕೆಳಗೆ ಹೊಗೆಯುಗುಳುವ ಸಾಂತಿಯಾಗಿಟೊ ಲಾವಾ ಗುಡ್ಡವನ್ನು ಮೇಲಿನಿಂದ ನೋಡಬಹುದು. ಬೆಳಗಿನ ಜಾವ ಹೊರಟರಷ್ಟೇ ಮೋಡಕ್ಕೆ ಮುಂಚೆ ತುದಿ ಸಿಗುತ್ತದೆ. ಅಕಾಟೆನಾಂಗೊದಲ್ಲಿ ತಲೆನೋವು ಬಂದವರಿಗೆ ಬೇಡ. ಅವರಿಗೆ ಸುನಿಲ್ ಎಂಬ ಊರಿನ ಹತ್ತಿರದ ಫುಯೆಂತೆಸ್ ಹೊರ್ಹೀನಾಸ್ ಬಿಸಿನೀರಿನ ಕೊಳ ಇದೆ.

ಹಂತ 10: ವಾಪಸ್

ಸರೋವರದಿಂದ ನೇರ ವಿಮಾನ ಹತ್ತಲು ಹೋಗಬೇಡಿ. ಹಿಂದಿನ ರಾತ್ರಿ ಆಂಟಿಗುವಾದಲ್ಲಿ ಅಥವಾ ಗ್ವಾಟೆಮಾಲಾ ಸಿಟಿಯಲ್ಲಿ ಇರಬೇಕು. ಎತ್ತರನಾಡನ್ನು ಸೇರಿಸುವ ಮುಖ್ಯ ಹೆದ್ದಾರಿ ಒಂದೇ, ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದು ನಿಂತಿತು. ಪ್ರತಿಭಟನೆಯ ರಸ್ತೆತಡೆಯೂ ಇಲ್ಲಿ ಸಾಮಾನ್ಯ. 2023ರ ಅಕ್ಟೋಬರಿನಲ್ಲಿ ವಾರಗಟ್ಟಲೆ ನಡೆಯಿತು. ಹೋಟೆಲಿನವರನ್ನು ಬೆಳಗ್ಗೆ ಕೇಳಬೇಕಾದ ಪ್ರಶ್ನೆ: ಇವತ್ತು ಬ್ಲೊಕೇಯೊ (ರಸ್ತೆತಡೆ) ಇದೆಯಾ?

ಆಂಟಿಗುವಾದಿಂದ ವಿಮಾನದ ಹೊತ್ತಿಗೆ ಐದು ಗಂಟೆ ಮೊದಲು ಹೊರಡಿ. ಕಳ್ಳತನ, ಅಪಘಾತ, ಬೇರೆ ಯಾವ ತುರ್ತಿಗೂ ಪ್ರವಾಸಿಗರ ಸಹಾಯವಾಣಿ 1500. ಮೊದಲ ದಿನವೇ ಫೋನಿನಲ್ಲಿ ಉಳಿಸಿಕೊಂಡಿರಿ. ಕಾಫಿ ಚೀಲಗಳನ್ನು ಚೆಕ್-ಇನ್ ಲಗೇಜಿಗೆ ಹಾಕಿ, ಕಸ್ಟಮ್ಸ್ ಅರ್ಜಿಯಲ್ಲಿ ಹುರಿದ ಕಾಫಿ ಎಂದೇ ಬರೆಯಿರಿ.